ಹಗೇವೋ ಕಣಜವೋ?



ಸ್ಮರಣಸಂಚಿಕೆಗೆ ಮುಖ್ಯಾಧ್ಯಾಪಕಿಯು ಏನಾದರೂ ಬರೆದುಕೊಡಬೇಕೆಂಬ ಪದ್ಧತಿಯು ನಮ್ಮ ಶಾಲೆಯಲ್ಲಿ ಬಹು ಹಿಂದಿನಿಂದ ನಡೆದುಬಂದಿದೆ. ಹಿಂದಿನ ಸಂಚಿಕೆಗಳಲ್ಲಿ ನಾನು ಪರೀಕ್ಷೆಯ ಫಲ, ಹೊಸ ಕೋಣೆಗಳು, ಹಳೆಯ ಬಾವಿಯ ದುರಸ್ತಿ ಮೊದಲಾದವುಗಳ ಕುರಿತು ಬರೆದಿದ್ದೇನೆ. ಈ ಸಾರೆ ನಾನೇ ಮಾಡಿದ ಒಂದು ತಪ್ಪಿನ ಕುರಿತು ಬರೆಯಬೇಕೆಂದು ಮನಸ್ಸಾಗಿದೆ. ಮಕ್ಕಳ ತಪ್ಪುಗಳನ್ನು ಕೆಂಪು ಮಸಿಯಿಂದ ಗುರುತಿಸುತ್ತ ಇಪ್ಪತ್ತು ವರುಷಗಳಿಗಿಂತ ಹೆಚ್ಚು ಕಾಲ ಕಳೆದವಳು ತನ್ನದೊಂದನ್ನು ಕಪ್ಪು ಮಸಿಯಲ್ಲಿ ಅಚ್ಚು ಹಾಕಿಸುವದು ನ್ಯಾಯವೇ ಆಗಿದೆ.

ಹೋದ ವರುಷ ಹತ್ತನೆಯ ತರಗತಿಯ ಹುಡುಗಿಯರನ್ನು ಕರೆದುಕೊಂಡು ಇಟಗಿಗೆ ಹೋಗಿದ್ದೆವು. ಕೊಪ್ಪಳ ಜಿಲ್ಲೆಯ ಆ ಗ್ರಾಮದಲ್ಲಿರುವ ಮಹಾದೇವ ದೇವಾಲಯವನ್ನು ನಿಮ್ಮಲ್ಲಿ ಅನೇಕರು ನೋಡಿರುವಿರಿ. ಚಾಲುಕ್ಯ ಚಕ್ರವರ್ತಿ ಆರನೆಯ ವಿಕ್ರಮಾದಿತ್ಯನ ದಂಡನಾಯಕನಾದ ಮಹಾದೇವನು 1112ರಲ್ಲಿ ಅದನ್ನು ಕಟ್ಟಿಸಿದನು. ಅಲ್ಲಿಯ ಶಾಸನವು ಅದನ್ನು 'ದೇವಾಲಯ ಚಕ್ರವರ್ತಿ' ಎಂದು ಕರೆದಿದೆ. ಶಾಸನದ ಕಲ್ಲಿನ ಮುಂದೆ ನಿಂತಾಗ ನಮ್ಮ ಬೋರ್ಡಿಂಗಿನಲ್ಲಿದ್ದು ಓದುವ ಒಬ್ಬ ಹುಡುಗಿಯು ನನ್ನನ್ನು ಒಂದು ಪ್ರಶ್ನೆ ಕೇಳಿದಳು. ಅವಳು ಅದೇ ಊರಿನವಳು. ತನ್ನ ಹೆಸರು ಬರೆಯಬಾರದೆಂದು ಬೇಡಿಕೊಂಡಿರುವದರಿಂದ ಬರೆದಿಲ್ಲ.

"ಅಕ್ಕೋರೆ, ಗುಡಿ ಕಟ್ಟಿಸಿದವರ ಹೆಸರು ಒಂಬೈನೂರು ವರ್ಷ ಉಳದೈತಿ. ಮಳಿ ಲೆಕ್ಕ ಯಾರರ ಬರದಿಟ್ಟಾರೇನ್ರಿ?"

ಪ್ರಶ್ನೆಯು ಸುಮ್ಮನೆ ಹುಟ್ಟಿದ್ದಲ್ಲವೆಂದು ನನಗೆ ಆಮೇಲೆ ತಿಳಿಯಿತು. ಅವಳ ತಂದೆಯು ಒಣಬೇಸಾಯದ ರೈತನು. ಹಿಂಗಾರಿ ಜೋಳವು ಒಂದರ ಹಿಂದೊಂದು ಎರಡು ವರುಷ ಕೆಟ್ಟದ್ದರಿಂದ, "ನಮ್ಮ ಊರಿನ ಮಳೆ ಹೋಯಿತು, ಇನ್ನು ಬರಲಾರದು" ಎಂದು ಆತನು ನಿಶ್ಚಯಿಸಿ, ಸಾಲ ತೆಗೆದು ಕೊಳವೆಬಾವಿ ಕೊರೆಯಿಸಬೇಕೆಂದಿದ್ದನು. ಸಾಲವಾದರೆ ಮಗಳ ಮುಂದಿನ ಓದು ನಿಲ್ಲುವದು. ಮಳೆಯು ನಿಜವಾಗಿ ಹೋಗಿದೆಯೋ, ಅಥವಾ ಹಿಂದೆಯೂ ಹೀಗೆ ಎರಡು ಮೂರು ವರುಷ ಕೈಕೊಟ್ಟು ತಿರುಗಿ ಬಂದಿತ್ತೋ ಎಂಬದನ್ನು ಆ ಹುಡುಗಿಯು ತಿಳಿಯಬೇಕಾಗಿತ್ತು.

ಮಳೆಯ ಲೆಕ್ಕವನ್ನು ಬರೆದಿಟ್ಟವರಿದ್ದಾರೆ. 1875ರಲ್ಲಿ ಸ್ಥಾಪಿತವಾದ ಭಾರತ ಹವಾಮಾನ ಇಲಾಖೆಯು ದೇಶದ ಮಳೆಮಾಪಕಗಳ ಲೆಕ್ಕವನ್ನು ಕೂಡಿಸಿ, 1901ರಿಂದ ಈಚಿನ ಪ್ರತಿಯೊಂದು ದಿನದ ಮಳೆಯನ್ನು ಒಂದು ಚೌಕಟ್ಟಿನೊಳಗೆ ಜೋಡಿಸಿದೆ. ದೇಶದ ನಕ್ಷೆಯ ಮೇಲೆ ಕಾಲು ಕಾಲು ಅಂಶಕ್ಕೆ ಅಡ್ಡ ಉದ್ದ ಗೆರೆಗಳನ್ನೆಳೆದರೆ ದಕ್ಷಿಣದಿಂದ ಉತ್ತರಕ್ಕೆ 129, ಪಶ್ಚಿಮದಿಂದ ಪೂರ್ವಕ್ಕೆ 135, ಹೀಗೆ ಒಟ್ಟು 17,415 ಕೂಡುಬಿಂದುಗಳಾಗುವವು. ಪ್ರತಿ ಬಿಂದುವಿಗೆ ದಿನಕ್ಕೊಂದು ಸಂಖ್ಯೆ; ಪ್ರತಿ ಸಂಖ್ಯೆಗೆ 4 ಬೈಟು ಸ್ಥಳ. ಆದುದರಿಂದ ಒಂದು ದಿನಕ್ಕೆ 69,660 ಬೈಟು. 365 ದಿನಕ್ಕೆ 2,54,25,900 ಬೈಟು. ಇಲಾಖೆಯ ಪುಣೆಯ ಕಚೇರಿಯು ವರುಷಕ್ಕೊಂದು ಕಡತದಂತೆ ಇವುಗಳನ್ನು ಯಾರು ಬೇಕಾದರೂ ಇಳಿಸಿಕೊಳ್ಳುವ ಹಾಗೆ ಇಟ್ಟಿದೆ. 1901ರಿಂದ 2020ರ ವರೆಗಿನ 120 ಕಡತಗಳನ್ನು ನಾವು ತಂದುಕೊಂಡೆವು. 43,830 ದಿನಗಳ ಮಳೆ. ಸುಮಾರು 76 ಕೋಟಿ ಸಂಖ್ಯೆಗಳು. 305 ಕೋಟಿ ಬೈಟುಗಳು.

ಶಾಲೆಯ ಗಣಕಯಂತ್ರದ ಮೆಮರಿಯು 4 ಜಿಬಿ, ಅಂದರೆ ಸುಮಾರು 400 ಕೋಟಿ ಬೈಟು. ಅದರಲ್ಲಿಯೂ ಯಂತ್ರದ ಸ್ವಂತ ಕೆಲಸಕ್ಕೆ ದೊಡ್ಡ ಪಾಲು ಹೋಗುವದು. ನಾನು ಇದನ್ನು ವಿಚಾರಿಸದೆ ಕೆಲಸಕ್ಕೆ ಕೈಯಿಟ್ಟೆನು. ಮೊದಲು ಸಂಖ್ಯೆಗಳನ್ನೆಲ್ಲ ಅಕ್ಷರರೂಪಕ್ಕೆ ತಿರುಗಿಸಿ ಎಕ್ಸೆಲ್ ಹಾಳೆಯಲ್ಲಿ ತೆರೆಯಲು ಹೋದೆನು. ಆ ಹಾಳೆಗೆ 10,48,576 ಸಾಲುಗಳೇ ಮಿತಿ. ದಿನಕ್ಕೂ ಬಿಂದುವಿಗೂ ಒಂದೊಂದು ಸಾಲೆಂದರೆ ನಮ್ಮ ಒಂದೇ ವರುಷಕ್ಕೆ 63 ಲಕ್ಷ ಸಾಲುಗಳು ಮೀರುವವು. ಅದು ಕೈಗೂಡಲಿಲ್ಲ. ಅನಂತರ ಪೈಥಾನ್ ಭಾಷೆಯಲ್ಲಿ 120 ಕಡತಗಳನ್ನೂ ಓದಿ, ಎಲ್ಲ ಸಂಖ್ಯೆಗಳನ್ನು ಒಂದೇ ಪಟ್ಟಿಗೆ ತುಂಬುವಂತೆ ಆಜ್ಞೆ ಬರೆದೆನು. ಸ್ವಲ್ಪ ಹೊತ್ತಿನಲ್ಲಿ ಯಂತ್ರವು ಬಿಗಿದುಕೊಂಡು, ಇಲಿಯನ್ನು ಅಲುಗಿಸಿದರೂ ಅಲುಗದೆ ನಿಂತಿತು. ಕೊನೆಗೆ ವಿದ್ಯುತ್ತನ್ನೇ ತೆಗೆಯಬೇಕಾಯಿತು. ಅದರೊಡನೆ ನಾನು ಉಳಿಸದೆ ಬಿಟ್ಟಿದ್ದ ಅರ್ಧವಾರ್ಷಿಕ ಅಂಕಪಟ್ಟಿಯೂ ಹೋಯಿತು.

ಕಾರಣವನ್ನು ಈಗ ಬಲ್ಲೆನು. ಪೈಥಾನಿನ ಸಾಧಾರಣ ಪಟ್ಟಿಯು ಪ್ರತಿಯೊಂದು ದಶಾಂಶ ಸಂಖ್ಯೆಯನ್ನು ಬೇರೆ ಬೇರೆ ಗಂಟು ಕಟ್ಟಿ ಇಡುವದು: ಗಂಟಿಗೆ 24 ಬೈಟು, ಗಂಟು ಎಲ್ಲಿದೆಯೆಂಬ ಗುರುತಿಗೆ 8 ಬೈಟು. ನಾಲ್ಕು ಬೈಟಿನ ಕಾಳಿಗೆ ಮೂವತ್ತೆರಡು ಬೈಟಿನ ಚೀಲ! 76 ಕೋಟಿ ಕಾಳುಗಳಿಗೆ ಸುಮಾರು 2,440 ಕೋಟಿ ಬೈಟು ಬೇಕಾಗುವದು. ನಮ್ಮ ಬಡ ಯಂತ್ರವು ಅದನ್ನು ಎಲ್ಲಿಂದ ತಂದೀತು? ಆದರೆ ಆ ದಿನ ನಾನು, "ಇದು ದೊಡ್ಡ ವಿದ್ಯಾಲಯಗಳವರ ಕೆಲಸ, ನಮ್ಮಿಂದಾಗದು" ಎಂದು ಹೇಳಿ ಕೋಣೆಗೆ ಬೀಗ ಹಾಕಿದೆನು. ಹುಡುಗಿಯು ಮಾತಾಡಲಿಲ್ಲ.

ಎರಡು ವಾರಗಳ ಮೇಲೆ ಅವಳು ಒಂದು ಕಾಗದ ಹಿಡಿದುಕೊಂಡು ಬಂದಳು. ನಂಪೈ ಎಂಬದು ಪೈಥಾನಿನಲ್ಲಿ ಸಂಖ್ಯೆಗಳ ಸಾಲುಗಳನ್ನು ನಡಿಸುವ ಸಾಧನವು. ಅದರ ಇಂಗ್ಲಿಷ್ ಕೈಪಿಡಿಯನ್ನು ನಿಘಂಟಿನ ಸಹಾಯದಿಂದ ಓದಿ, ತನಗೆ ತಿಳಿದಷ್ಟನ್ನು ಕನ್ನಡದಲ್ಲಿ ಬರೆದಿದ್ದಳು. "ಅಕ್ಕೋರೆ, ನಾವು ಇದನ್ನ ಹಗೇವು ಅಂತ ತಿಳಕೊಂಡ್ವಿ. ಇದು ಕಣಜ ಐತ್ರಿ" ಅಂದಳು.

ಪಟ್ಟಣದಲ್ಲಿ ಬೆಳೆದ ನಮ್ಮ ಚಿಕ್ಕ ವಾಚಕಿಯರಿಗೆ ಈ ಮಾತನ್ನು ಬಿಡಿಸಿ ಹೇಳಬೇಕು. ಹಗೇವು ಎಂದರೆ ನೆಲದೊಳಗೆ ತೋಡಿದ ಜೋಳದ ಗುಂಡಿ. ಅದರ ಬಾಯಿ ತೆರೆದ ಮೇಲೆ ಕೆಟ್ಟ ಗಾಳಿ ಹೋಗುವ ವರೆಗೆ ಕಾಯ್ದು, ಒಳಗಿಳಿದು, ಜೋಳವನ್ನೆಲ್ಲ ಮೇಲಕ್ಕೆ ತೆಗೆಯುವರು. ಕಣಜವಾದರೋ ಮನೆಯೊಳಗೇ ನಿಂತಿರುವದು. ಅದರ ಬುಡದಲ್ಲಿ ಒಂದು ಚಿಕ್ಕ ಕಂಡಿ, ಕಂಡಿಗೆ ಅರಿವೆಯ ಬಿರಡೆ. ಅಜ್ಜಿಯು ಬಿರಡೆ ತೆಗೆದು, ಆ ದಿನದ ರೊಟ್ಟಿಗೆ ಬೇಕಾದಷ್ಟನ್ನು ಮೊರಕ್ಕೆ ಬಿಟ್ಟುಕೊಂಡು, ಮತ್ತೆ ಮುಚ್ಚುವಳು. ಯಂತ್ರದ ಡಿಸ್ಕು ಕಣಜವು, ಮೆಮರಿಯು ಮೊರವು. ಕೇರುವ ಕೆಲಸವು ಮೊರದಲ್ಲಿಯೇ ಆಗತಕ್ಕದ್ದು ನಿಜ. ಆದರೆ ಅದಕ್ಕಾಗಿ ಇಡೀ ಕಣಜವನ್ನು ಮೊರದ ಮೇಲೆ ಸುರಿಯಬೇಕೆಂದು ಯಾರು ಹೇಳಿದರು?

ನಂಪೈಯಲ್ಲಿ ಈ ಕಂಡಿಗೆ ಮೆಮ್‌ಮ್ಯಾಪ್ ಎಂದು ಹೆಸರು. ಅದಕ್ಕೆ ನಾಲ್ಕು ಸಂಗತಿಗಳನ್ನು ತಿಳಿಸಬೇಕು: ಕಡತದ ಹೆಸರು, ಪ್ರತಿ ಸಂಖ್ಯೆಯು 4 ಬೈಟಿನದೆಂಬದು, ಓದುವದಕ್ಕೆ ಮಾತ್ರ ತೆರೆಯಬೇಕು, ತಿದ್ದುವದಕ್ಕಲ್ಲವೆಂಬದು, ಒಳಗಿನ ಜೋಡಣೆಯು 365 ದಿನ, 129 ಅಕ್ಷಾಂಶ, 135 ರೇಖಾಂಶ ಎಂಬದು. ಇಷ್ಟು ಹೇಳಿದರೆ ಕಡತವು ಮೆಮರಿಗೆ ಬಂದುಬಿಡುವದಿಲ್ಲ. ಎಲ್ಲಿ ಏನಿದೆಯೆಂಬ ತಿಳುವಳಿಕೆ ಮಾತ್ರ ಬರುವದು. ನಾವು ಯಾವ ಸಂಖ್ಯೆಯನ್ನು ಕೇಳುವೆವೋ ಅದಿರುವ ಪುಟವನ್ನು ಮಾತ್ರ ಯಂತ್ರವು ಡಿಸ್ಕಿನಿಂದ ಎತ್ತುವದು. ಅಂಥ ಪುಟವು ಸಾಮಾನ್ಯವಾಗಿ 4,096 ಬೈಟಿನದು. ಒಂದೂರಿನ 120 ವರುಷಗಳ ಮಳೆಗೆ ಬೇಕಾದ ಕಾಳುಗಳು 43,830, ಅಂದರೆ 1,75,320 ಬೈಟು ಮಾತ್ರ. ಪುಟಪುಟವಾಗಿ ಎತ್ತುವದರಿಂದ ಡಿಸ್ಕಿನಿಂದ ಕಡಿಮೆಯೆಂದರೂ 18 ಕೋಟಿ ಬೈಟು ಹೊರಡಬೇಕಾಗುವದಾದರೂ, 305 ಕೋಟಿಯ ಮುಂದೆ ಅದು ಎಷ್ಟರ ಮಾತು? ಅದಲ್ಲದೆ ಒಂದು ವರುಷದ ಕಡತ ತೆರೆದು, ನಮ್ಮ ಸಾಲನ್ನು ತೆಗೆದುಕೊಂಡು, ಮುಚ್ಚಿ, ಮುಂದಿನದನ್ನು ತೆರೆಯುವದಾದರೆ ಮೊರವು ಎಂದಿಗೂ ತುಂಬಿ ಚೆಲ್ಲದು.

ಅವಳು ಇನ್ನೂ ಎರಡು ಎಚ್ಚರಿಕೆಗಳನ್ನು ಬರೆದಿದ್ದಳು. ಕಡತವನ್ನು ತೆರೆಯುವ ಮೊದಲು ಅದರ ತೂಕ ನೋಡಬೇಕು. ಸಾಧಾರಣ ವರುಷಕ್ಕೆ 2,54,25,900 ಬೈಟು, ಅಧಿಕ ದಿನವಿರುವ ವರುಷಕ್ಕೆ 2,54,95,560 ಬೈಟು. ಕಡಿಮೆಯಾಗಿದ್ದರೆ ಇಳಿಸುವಾಗ ಅರ್ಧಕ್ಕೆ ಕಡಿದಿದೆಯೆಂದು ತಿಳಿಯತಕ್ಕದ್ದು. ಎರಡನೆಯದು, ಸಮುದ್ರದ ಮೇಲೂ ದೇಶದ ಹೊರಗೂ ಬಿದ್ದ ಬಿಂದುಗಳಲ್ಲಿ ಲೆಕ್ಕವಿಲ್ಲವೆಂಬದಕ್ಕೆ ಗುರುತಾಗಿ ಋಣ 999 ಎಂದು ಬರೆದಿರುವರು. ಇದನ್ನು ಬಿಟ್ಟು ಸರಾಸರಿ ತೆಗೆಯಬೇಕು. ನಾನು ಅದನ್ನು ಗಮನಿಸದೆ ಒಂದು ದಿನದ ಸಂಖ್ಯೆಗಳನ್ನೆಲ್ಲ ಕೂಡಿಸಿದಾಗ ದೇಶದಲ್ಲಿ ಮಳೆಯು ಸೊನ್ನೆಗಿಂತಲೂ ಕೆಳಗಿಳಿದು, ಹುಡುಗಿಯರೆಲ್ಲ ನಕ್ಕುಬಿಟ್ಟರು. ನಾನೂ ನಕ್ಕೆನು. ಆ ತಪ್ಪಿನಿಂದ ಯಾರಿಗೂ ಕೇಡಾಗಲಿಲ್ಲ. ಕಣ್ಣಿಗೆ ಕಾಣುವ ತಪ್ಪು ಅಷ್ಟು ಕೆಟ್ಟದ್ದಲ್ಲ.

ಕಾಣದ ತಪ್ಪು ಮುಂದೆ ಬಂತು. ಇಟಗಿಗೆ ಸಮೀಪದ ಕೂಡುಬಿಂದುವು ಉತ್ತರ ಅಕ್ಷಾಂಶ 15.5, ಪೂರ್ವ ರೇಖಾಂಶ 76. ಚೌಕಟ್ಟು 6.5 ಅಕ್ಷಾಂಶ, 66.5 ರೇಖಾಂಶದಿಂದ ಪ್ರಾರಂಭವಾಗುವದು. 15.5ರಲ್ಲಿ 6.5 ಕಳೆದರೆ 9. ಕಾಲು ಅಂಶಕ್ಕೊಂದು ಹೆಜ್ಜೆಯಂತೆ 36 ಹೆಜ್ಜೆ. 76ರಲ್ಲಿ 66.5 ಕಳೆದರೆ 9.5, ಅದಕ್ಕೆ 38 ಹೆಜ್ಜೆ. ಹುಡುಗಿಯು 36, 38 ಎಂದು ಬರೆದಿದ್ದಳು. ನಾನು ತಿದ್ದಿದೆನು. "ಮೊದಲನೆಯ ಗೆರೆಯನ್ನು ಎಣಿಸದೆ ಬಿಟ್ಟಿರುವಿ, 37, 39 ಆಗಬೇಕು" ಅಂದೆನು.

"ಪೈಥಾನ್ ಸೊನ್ನೆಯಿಂದ ಎಣಿಸ್ತದಂತ್ರಿ ಅಕ್ಕೋರೆ" ಎಂದು ಅವಳು ಮೆಲ್ಲನೆ ಅಂದಳು.

"ಎಣಿಕೆಯನ್ನು ನನಗೆ ಕಲಿಸುತ್ತೀಯಾ?" ಅಂದೆನು. ನಗುತ್ತಲೇ ಅಂದೆನು, ಆದರೆ ಅಂದೆನು. ಅವಳು ತಲೆ ತಗ್ಗಿಸಿ 37, 39 ಎಂದು ತಿದ್ದಿದಳು. ವಿಧೇಯತೆಯು ನಮ್ಮ ಶಾಲೆಯು ಕಲಿಸುವ ಗುಣಗಳಲ್ಲಿ ಒಂದಾಗಿದೆ.

ಅನಂತರ ದಿನದಿನದ ಮಳೆಯನ್ನು ರೈತರು ಎಣಿಸುವ ನಕ್ಷತ್ರಗಳ ಕ್ರಮದಲ್ಲಿ ಕೂಡಿಸಿದೆವು. ರೋಹಿಣಿ, ಮೃಗಶಿರಾ, ಆರಿದ್ರಾ ಮೊದಲುಗೊಂಡು ಹುಬ್ಬೆ, ಉತ್ತರೆ, ಹಸ್ತ, ಚಿತ್ತೆ, ಸ್ವಾತಿಗಳ ವರೆಗೆ ಪ್ರತಿಯೊಂದಕ್ಕೂ ಹದಿಮೂರು ಹದಿನಾಲ್ಕು ದಿನ. ಇದೂ ಆ ಹುಡುಗಿಯ ಯೋಚನೆಯೇ. ವರುಷದ ಒಟ್ಟು ಮಳೆಯನ್ನು ಕೇಳಿದರೆ ಅವಳ ತಂದೆಗೆ ಏನೂ ಹೇಳಿದಂತಾಗುವದಿಲ್ಲ. ಮುಂಗಾರಿಯಲ್ಲಿ ಬಿದ್ದ ಮಳೆಯು ಹಿಂಗಾರಿ ಜೋಳದ ಬಿತ್ತನೆಗೆ ಬಾರದಷ್ಟೆ. ದಿನದ ಲೆಕ್ಕವೇ ಬೇಕಾಗಿದ್ದದ್ದೂ ಇದರಿಂದಲೇ. ವರುಷದ ಸರಾಸರಿಯೇ ಸಾಕಾಗಿದ್ದರೆ ಇಷ್ಟು ದೊಡ್ಡ ಕಣಜದ ಬಳಿಗೆ ಹೋಗುವ ಕಾರಣವಿರಲಿಲ್ಲ. ಚಹದ ಲೋಟವು ಆರುವ ಮೊದಲೇ 120 ವರುಷಗಳ ಕಂಬಗಳು ತೆರೆಯ ಮೇಲೆ ನಿಂತವು. ಅವುಗಳನ್ನು ಉದ್ದನೆಯ ಕಾಗದದ ಮೇಲೆ ತೆಗೆದು, 'ಇಟಗಿಯ ಮಳೆ' ಎಂದು ದೊಡ್ಡ ಅಕ್ಷರಗಳಲ್ಲಿ ಬರೆದು, ಪಾಲಕರ ಸಭೆಯ ದಿನ ಸಭಾಗೃಹದಲ್ಲಿ ತೂಗಹಾಕಿದೆವು.

ಹುಡುಗಿಯ ತಂದೆಯು ಬಂದು ಬಹಳ ಹೊತ್ತು ಅದರ ಮುಂದೆ ನಿಂತನು. ಮಗಳು ಓದಿ ಹೇಳುತ್ತಿದ್ದಳು. ಆಮೇಲೆ ಆತನು ರುಮಾಲನ್ನು ಸರಿಪಡಿಸಿಕೊಂಡು ನನ್ನ ಬಳಿಗೆ ಬಂದನು.

"ಅಕ್ಕೋರೆ, ತಪ್ಪು ತಿಳಕೋಬ್ಯಾಡ್ರಿ. ಈ ಮಳಿ ನಮ್ಮೂರಿಂದಲ್ರಿ. ನನ್ನ ಲಗ್ನ ಆದ ವರ್ಷ ಹಸ್ತಾ ಮಳಿ ನಮಗ ಕೈ ಕೊಡ್ತು. ಬಿತ್ತಿದ ಜ್ವಾಳ ಹುಟ್ಟಲೇ ಇಲ್ಲ. ಆ ವರ್ಷ ಕುಷ್ಟಗಿ ಕಡೆ ಛಲೋ ಆಗಿತ್ರಿ. ನೀವು ಅಲ್ಲಿಂದು ಹಾಕೀರೇನೋ."

ಸುತ್ತಲಿದ್ದ ಪಾಲಕರು ನನ್ನ ಮುಖವನ್ನು ನೋಡಿದರು. ನಾನು, "ನೋಡೋಣ, ನೀವು ಕೂತುಕೊಳ್ಳಿರಿ" ಅಂದೆನು. ಸಂಜೆಗೆ ಸಭೆ ಮುಗಿದ ಮೇಲೆ ನಾನೂ ಹುಡುಗಿಯೂ ಕೋಣೆಯ ಬಾಗಿಲು ತೆರೆದು ಕೂತೆವು. ಸೊನ್ನೆಯಿಂದ ಎಣಿಸುವ ಭಾಷೆಯಲ್ಲಿ 37 ಎಂದರೆ 15.75 ಅಕ್ಷಾಂಶ, 39 ಎಂದರೆ 76.25 ರೇಖಾಂಶ. ನಕ್ಷೆಯ ಮೇಲೆ ಬೆರಳಿಟ್ಟೆನು. ಬೆರಳು ಕುಷ್ಟಗಿಯ ಮಗ್ಗುಲಲ್ಲಿ ನಿಂತಿತು. ಹುಡುಗಿಯು ತನ್ನ 36, 38ನ್ನು ತಿರುಗಿ ಬರೆದಳು. ಆ ವರುಷದ ಹಸ್ತದ ಕಂಬವು ಕುಗ್ಗಿಹೋಯಿತು.

ಆ ರಾತ್ರಿ ನನಗೆ ನಿದ್ರೆ ಬರಲಿಲ್ಲ. ಸಭೆಯಲ್ಲಿ ಆದ ನಾಚಿಕೆಗಾಗಿ ಅಲ್ಲ. ಆ ರೈತನು ಓದುಬರಹ ಬಲ್ಲವರ ಮಾತೇ ನಿಜವೆಂದು ತನ್ನ ನೆನಪನ್ನು ನುಂಗಿಕೊಂಡು ಹೋಗಿದ್ದರೆ, ಬೇರೆ ಊರಿನ ಹಸ್ತದ ಮಳೆಯನ್ನು ನಂಬಿ ತನ್ನ ಬೀಜವನ್ನು ಭೂಮಿಗೆ ಹಾಕಿಬಿಡುತ್ತಿದ್ದನು. ಯಂತ್ರವು ಬಿಗಿದು ನಿಂತಾಗ ಹೋದದ್ದು ಒಂದು ಅಂಕಪಟ್ಟಿ. ಅದು ತಡೆಯಿಲ್ಲದೆ ಓಡಿ ತಪ್ಪು ಊರಿನ ಲೆಕ್ಕ ಕೊಟ್ಟಾಗ ಹೋಗಬಹುದಾಗಿದ್ದದ್ದು ಒಂದು ಮನೆಯ ವರುಷದ ಅನ್ನ. ಮರುದಿನ ಪ್ರಾರ್ಥನೆಯ ಹೊತ್ತಿಗೆ ಎಲ್ಲ ತರಗತಿಗಳ ಮುಂದೆ ಆ ಹುಡುಗಿಯ ಲೆಕ್ಕವು ಸರಿಯಾಗಿತ್ತೆಂದೂ ನಾನು ಅದನ್ನು ಕೆಡಿಸಿದೆನೆಂದೂ ಹೇಳಿದೆನು. ಅವಳ ತಂದೆಗೆ ಪತ್ರವನ್ನೂ ಬರೆದೆನು.

ಅಂದಿನಿಂದ ನಾವು ಗೆರೆಯ ಸಂಖ್ಯೆಯಿಂದ ಕೇಳುವದನ್ನು ಬಿಟ್ಟಿದ್ದೇವೆ. ಇಲಾಖೆಯು ಇದೇ ಲೆಕ್ಕವನ್ನು ನೆಟ್‌ಸಿಡಿಎಫ್ ಎಂಬ ರೂಪದಲ್ಲಿಯೂ ಕೊಡುವದು. ಅದರಲ್ಲಿ ಅಕ್ಷಾಂಶ, ರೇಖಾಂಶ, ದಿನಾಂಕಗಳು ಕಡತದೊಳಗೇ ಬರೆದಿರುವವು. ಪೈಥಾನಿನ ಎಕ್ಸ್‌ಅರೇ ಎಂಬ ಸಾಧನದಿಂದ ತೆರೆದು, "15.5, 76ಕ್ಕೆ ಸಮೀಪದ ಬಿಂದುವನ್ನು ಕೊಡು" ಎಂದು ಸ್ಥಳದಿಂದಲೇ ಕೇಳಬಹುದು. ಇದೂ ಕಣಜದ ಪದ್ಧತಿಯೇ: ಕೇಳುವ ವರೆಗೆ ಕಾಳು ಮೊರಕ್ಕೆ ಬೀಳದು.

ಇನ್ನೊಂದು ಸಂಗತಿಯು ನಮ್ಮ ಉಪಾಧ್ಯಾಯಿನಿಯರಿಗೆ ತಟ್ಟನೆ ತಿಳಿಯುವದು. ತಿಳಿದದ್ದರಿಂದ ತಿಳಿಯದ್ದಕ್ಕೆ ಹೋಗಬೇಕೆಂದು ಟ್ರೇನಿಂಗಿನಲ್ಲಿ ನಮಗೆ ಕಲಿಸಿದರಲ್ಲವೆ? ಹಾಜರಿ ಪುಸ್ತಕವನ್ನು ತೆಗೆದುಕೊಳ್ಳಿರಿ. ದಿನಕ್ಕೊಂದು ಪುಟದಂತೆ ಇಡೀ ಶಾಲೆಯ ಹಾಜರಿ ಬರೆದರೆ, ಇಂದು ಯಾರು ಬಂದಿದ್ದಾರೆಂಬದು ಒಂದೇ ಪುಟದಲ್ಲಿ ಕಾಣುವದು. ಆದರೆ ಒಬ್ಬಳ ವರುಷದ ಹಾಜರಿಗೆ ಪುಸ್ತಕದ ಪುಟಗಳನ್ನೆಲ್ಲ ತಿರುವಬೇಕು. ಹುಡುಗಿಗೊಂದು ಪುಟದಂತೆ ಬರೆದರೆ ಇದು ಸುಲಭ, ಅದು ಕಷ್ಟ. ಆದುದರಿಂದ ನಾವು ತರಗತಿಗೊಂದು, ತಿಂಗಳಿಗೊಂದು ಪುಟ ಬರೆಯುತ್ತೇವೆ. ಎರಡು ಬಗೆಯ ಪ್ರಶ್ನೆಗೂ ಕೆಲವೇ ಪುಟ ಸಾಕು. ವಿಜ್ಞಾನಿಗಳು ಬಳಸುವ ಎಚ್‌ಡಿಎಫ್5, ನೆಟ್‌ಸಿಡಿಎಫ್4 ಎಂಬ ರೂಪಗಳಲ್ಲಿ ಸಂಖ್ಯೆಗಳನ್ನು ಹೀಗೆಯೇ ತುಂಡು ತುಂಡಾಗಿ ಮಾಡಿ, ಪ್ರತಿ ತುಂಡನ್ನು ಬೇರೆಯಾಗಿ ಒತ್ತಿ ಇಡಬಹುದು. ಯಾವ ಪ್ರಶ್ನೆಯನ್ನು ಹೆಚ್ಚಾಗಿ ಕೇಳುವೆವೆಂಬದನ್ನು ನೋಡಿಕೊಂಡು ತುಂಡಿನ ಆಕಾರವನ್ನು ಗೊತ್ತುಮಾಡಬೇಕು. ಒಮ್ಮೆ ತೆಗೆದ ಇಟಗಿಯ ಸಾಲನ್ನು ನಾವೂ ಬೇರೊಂದು ಚಿಕ್ಕ ಕಡತದಲ್ಲಿ ಇಟ್ಟುಕೊಂಡಿದ್ದೇವೆ; ಪ್ರತಿ ಸಾರೆ ದೊಡ್ಡ ಕಣಜಕ್ಕೆ ಹೋಗುವ ಕಾರಣವಿಲ್ಲ.

ನಮ್ಮ 305 ಕೋಟಿ ಬೈಟು ಲೋಕದ ಲೆಕ್ಕದಲ್ಲಿ ಚಿಕ್ಕದೇ. ಬೆಂಗಳೂರಿನ ಹತ್ತಿರ ಬ್ಯಾಲಾಳುವಿನಲ್ಲಿರುವ ಭಾರತೀಯ ಅಂತರಿಕ್ಷ ವಿಜ್ಞಾನ ದತ್ತಾಂಶ ಕೇಂದ್ರದಲ್ಲಿ ಚಂದ್ರಯಾನಗಳೂ, 2015ರಲ್ಲಿ ಹಾರಿದ ಆಸ್ಟ್ರೋಸ್ಯಾಟ್ ಉಪಗ್ರಹವೂ, 2023ರಲ್ಲಿ ಹೊರಟ ಆದಿತ್ಯ ಎಲ್1 ನೌಕೆಯೂ ಕಳಿಸಿದ ಲೆಕ್ಕಗಳು ಕೂಡಿಡಲ್ಪಟ್ಟಿವೆ. ಯುರೋಪಿನ ಹವಾಮಾನ ಕೇಂದ್ರವೊಂದು 1940ರಿಂದ ಈಚಿನ ಲೋಕದ ಹವೆಯನ್ನು ತಾಸು ತಾಸಿಗೂ ಲೆಕ್ಕ ಹಾಕಿ ಇಟ್ಟಿದೆ. ಅಂಥವುಗಳನ್ನು ಯಾರೂ ಒಂದೇ ಸಲ ಮೊರಕ್ಕೆ ಸುರಿದುಕೊಳ್ಳುವದಿಲ್ಲ. ಈ ನಮ್ಮ ಹುಡುಗಿಯು ಕಲಿತ ಮರ್ಮವನ್ನೇ ಅವರೂ ಬಳಸುತ್ತಾರೆ.

ಮಳೆಯು ಹೋಗಿದೆಯೇ ಎಂಬ ಪ್ರಶ್ನೆಗೆ ಏನು ಉತ್ತರ ಬಂತೆಂದು ಕೇಳುವಿರಿ. ಒಂದು ಮಾತಿನ ಉತ್ತರ ಬರಲಿಲ್ಲ. ಹಿಂದೆಯೂ ಹಿಂಗಾರಿಯು ಒಂದರ ಹಿಂದೊಂದು ಕೈಕೊಟ್ಟು, ಮತ್ತೆ ತಿರುಗಿ ಬಂದದ್ದನ್ನು ಕಂಬಗಳು ತೋರಿಸಿದವು. ಮುಂದಿನ ವರುಷ ಬರುವದೆಂದು ಅವು ಮಾತು ಕೊಡಲಿಲ್ಲ. ಅದಲ್ಲದೆ ಒಂದು ಕೂಡುಬಿಂದುವಿನಿಂದ ಇನ್ನೊಂದಕ್ಕೆ ಸುಮಾರು 27 ಕಿಲೋಮೀಟರು. ಬಿಂದುವಿನ ಮಳೆಯು ಸುತ್ತಲಿನ ಮಾಪಕಗಳಿಂದ ಅಂದಾಜು ಮಾಡಿದ್ದು. ಇಟಗಿಯ ಹೊಲದೊಳಗೆ ನಿಂತು ಅಳೆದದ್ದಲ್ಲ. ಇಷ್ಟನ್ನೂ ಹುಡುಗಿಯು ತನ್ನ ತಂದೆಗೆ ಮುಚ್ಚುಮರೆಯಿಲ್ಲದೆ ಹೇಳಿದಳು. ಆತನು ಕೇಳಿ, ಕೊಳವೆಬಾವಿಯ ಮಾತನ್ನು ಒಂದು ವರುಷ ಮುಂದಕ್ಕೆ ಹಾಕಿದ್ದಾನೆ. ಹುಡುಗಿಯು ಕಾಲೇಜಿಗೆ ಸೇರಿದ್ದಾಳೆ. ಒಂದು ವರುಷವಾದ ಮೇಲೆ ಏನಾಗುವದೋ ನಾನು ಬಲ್ಲವಳಲ್ಲ.

ಆದರೆ ಅಳೆಯದೆ ಉಳಿದದ್ದನ್ನು ಅಳೆಯುವ ಕೆಲಸವು ಪ್ರಾರಂಭವಾಗಿದೆ. ಶಾಲೆಯಿಂದ ಒಂದು ಮಳೆಮಾಪಕವನ್ನು ಆ ರೈತನಿಗೆ ಕೊಟ್ಟಿದ್ದೇವೆ. ಇಲಾಖೆಯವರು ಮಾಡುವಂತೆ ಆತನೂ ಬೆಳಿಗ್ಗೆ 8 ಗಂಟೆ 30 ಮಿನಿಟಿಗೆ ಹಿಂದಿನ ಇಪ್ಪತ್ತುನಾಲ್ಕು ತಾಸಿನ ಮಳೆಯನ್ನು ಅಳೆದು, ಶಾಲೆಗೆ ಫೋನು ಮಾಡಿ ಹೇಳುವನು. ಎಂಟನೆಯ ತರಗತಿಯ ಹುಡುಗಿಯರು ಬರೆದಿಟ್ಟುಕೊಳ್ಳುವರು. ಮಳೆಯಿಲ್ಲದ ದಿನವೂ ಫೋನು ಬರುವದು: "ಇವತ್ತು ಸೊನ್ನಿ ಬರಕೋರ್ರಿ ಅಕ್ಕೋರೆ." ಎಣಿಕೆಯು ಸೊನ್ನೆಯಿಂದಲೇ ಪ್ರಾರಂಭವಾಗುವದೆಂಬದನ್ನು ನಾನು ಪ್ರತಿದಿನ ನೆನಸಿಕೊಳ್ಳುವದಕ್ಕೆ ಅದೂ ಒಳ್ಳೆಯದಾಯಿತು.

ಕೊನೆಗೆ ಒಂದು ಬಿನ್ನಹ. ನಿಮ್ಮ ತೌರುಮನೆ, ಅತ್ತೆಮನೆಗಳಲ್ಲಿ ಹಿರಿಯರು ಮಳೆ, ಬಿತ್ತನೆ, ರಾಶಿಗಳ ಲೆಕ್ಕ ಬರೆದ ಹಳೆಯ ವಹಿಗಳು ಇದ್ದರೆ, ಅವು ಒಂದೆರಡು ಹಾಳೆಗಳೇ ಆಗಿದ್ದರೂ ರದ್ದಿಗೆ ಹಾಕಬೇಡಿರಿ. ಶಾಲೆಗೆ ತಂದು ತೋರಿಸಿರಿ. ನಕಲು ಮಾಡಿಕೊಂಡು ಜೋಪಾನವಾಗಿ ತಿರುಗಿ ಕೊಡುವೆವು. ಇಲಾಖೆಯ ಲೆಕ್ಕವು 1901ರಿಂದ ಮೊದಲಾಗುವದು. 1876ರ ಧಾತು ಸಂವತ್ಸರದ ಬರವು ಅದರಲ್ಲಿ ಇಲ್ಲ. ನಮ್ಮಲ್ಲಿಯ ದೊಡ್ಡ ಕಡತವು ತಪ್ಪಿದಾಗ ತಿದ್ದಿದ್ದು ಒಬ್ಬ ರೈತನ ಲಗ್ನದ ವರುಷದ ನೆನಪು. ಅಂಥ ನೆನಪುಗಳು ನಿಮ್ಮ ಮನೆಗಳಲ್ಲಿ ಇನ್ನೂ ಇರುವವು.